ಹೊಗೆಯ ಬಣ್ಣ, ಎಣ್ಣೆಯ ಮಟ್ಟ: ಜಲಯಾನದ ಡೀಸೆಲ್ ಎಂಜಿನ್ ಮತ್ತು ಮಲೆನಾಡು

ಶಿವಮೊಗ್ಗ ಜಿಲ್ಲೆಗೆ ಕಡಲ ತೀರವಿಲ್ಲವಾದರೂ ಜಲಯಾನದ ಡೀಸೆಲ್ ಎಂಜಿನ್ನಿನ ವಿಚಾರ ಈ ಜಿಲ್ಲೆಗೆ ಹೊರಗಿನದಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಶರಾವತಿಯ ಕಣಿವೆ ನೀರಿನಿಂದ ತುಂಬಿದಾಗ ಸಾಗರ ತಾಲ್ಲೂಕಿನ ಕರೂರು, ಭಾರಂಗಿ ಹೋಬಳಿಗಳ ಅನೇಕ ಊರುಗಳು ತಮ್ಮ ತಾಲ್ಲೂಕು ಕೇಂದ್ರದಿಂದ ಕಡಿದುಹೋಗಿ ದ್ವೀಪದಂತಾದವು. ಅಲ್ಲಿಂದ ಮುಂದೆ ದಶಕಗಳ ಕಾಲ ಆ ಊರುಗಳಲ್ಲೊಂದಾದ ತುಮರಿಯ ರೋಗಿಯೂ ಶಾಲೆಯ ಮಕ್ಕಳೂ ಅಡಿಕೆಯ ಮೂಟೆಯೂ ಸಿಗಂದೂರಿನ ಭಕ್ತರ ಬಸ್ಸುಗಳೂ ಹೊಳೆಬಾಗಿಲಿನ ಕಡವಿನಲ್ಲಿ ಲಾಂಚಿಗಾಗಿ ಕಾದವು. ಆ ಲಾಂಚಿನ ತಳದಲ್ಲಿ ಕೂತು ಗುಡುಗುತ್ತಿದ್ದ ಯಂತ್ರವೂ, ನವಮಂಗಳೂರು ಬಂದರಿಗೆ ಬಂದು ಹೋಗುವ ಭಾರೀ ಹಡಗನ್ನು ನಡೆಸುವ ಯಂತ್ರವೂ ಒಂದೇ ಕುಲದವು. ಗಾತ್ರದಲ್ಲಿ ಅಗಾಧ ಅಂತರವಿದ್ದರೂ ಅವೆರಡರ ಒಳಗಿನ ಬೆಂಕಿಯ ನಿಯಮ ಒಂದೇ, ಅವು ಕೆಡುವ ಕ್ರಮವೂ ಬಹುಮಟ್ಟಿಗೆ ಒಂದೇ.

ಇಂಥ ಎಂಜಿನ್‌ಗಳ ಸುರಕ್ಷಿತ ಚಾಲನೆ, ನಿರ್ವಹಣೆ ಮತ್ತು ಹೊಗೆಯ ನಿಯಂತ್ರಣವನ್ನು ಸಾಮಾನ್ಯವಾಗಿ ಮೂರು ಬೇರೆ ಬೇರೆ ಅಧ್ಯಾಯಗಳಾಗಿ ಕಲಿಸಲಾಗುತ್ತದೆ. ಮೊದಲನೆಯದು ಚಾಲಕನಿಗೆ, ಎರಡನೆಯದು ಮೆಕ್ಯಾನಿಕ್‌ಗೆ, ಮೂರನೆಯದು ಸರ್ಕಾರಕ್ಕೆ ಎಂಬಂತೆ. ಈ ವಿಂಗಡಣೆ ಸರಿಯಲ್ಲವೆಂಬುದೇ ಈ ಉಪನ್ಯಾಸದ ವಾದ. ಸೋರುವ ಒಂದು ನಾಜಲ್, ಅಂದರೆ ಎಣ್ಣೆ ಸಿಂಪಡಿಸುವ ಮೂತಿ, ಹೆಚ್ಚು ಡೀಸೆಲ್ ಕುಡಿಯುತ್ತದೆ, ಕಪ್ಪು ಹೊಗೆ ಉಗುಳುತ್ತದೆ, ಪಿಸ್ಟನ್ನಿನ ತಲೆಯನ್ನು ಸುಡುತ್ತದೆ ಮತ್ತು ಕೊನೆಗೊಂದು ದಿನ ನಡುನೀರಿನಲ್ಲಿ ಎಂಜಿನ್ ನಿಲ್ಲಲು ಕಾರಣವಾಗುತ್ತದೆ. ಖರ್ಚು, ಮಾಲಿನ್ಯ, ಅಪಾಯ ಇವು ಒಂದೇ ದೋಷದ ಮೂರು ಮುಖಗಳಾಗಿರುವುದರಿಂದ, ಕಾನೂನಿನ ಕಣ್ಣು ತಲುಪದ ಸಣ್ಣ ನೌಕೆಗಳಲ್ಲಿ ನಿರ್ವಹಣೆ ಮಾಡುವ ಕೈಯೇ ಮಾಲಿನ್ಯ ನಿಯಂತ್ರಣದ ಅಧಿಕಾರಿಯೂ ಆಗಿರುತ್ತದೆ.

ಯಂತ್ರದ ತತ್ತ್ವ ಸರಳವಾದುದು. ಪೆಟ್ರೋಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸಿ ಬೆಂಕಿ ಹೊತ್ತಿಸಲಾಗುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಇಲ್ಲ. ಸಿಲಿಂಡರಿನೊಳಗೆ ಸೇರಿದ ಬರಿಯ ಗಾಳಿಯನ್ನು ಪಿಸ್ಟನ್ ಅದರ ಮೂಲ ಗಾತ್ರದ ಹದಿನೈದನೆಯ ಒಂದು ಭಾಗಕ್ಕೋ ಅದಕ್ಕಿಂತ ಕಡಿಮೆಗೋ ಒತ್ತಿದಾಗ ಅದರ ಉಷ್ಣತೆ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಆ ಕ್ಷಣದಲ್ಲಿ ನಾಜಲಿನ ಸೂಜಿರಂಧ್ರದ ಮೂತಿ ಎಣ್ಣೆಯನ್ನು ಮಂಜಿನಂತೆ ಸಿಂಪಡಿಸುತ್ತದೆ, ಎಣ್ಣೆ ತಾನಾಗಿ ಹೊತ್ತಿಕೊಳ್ಳುತ್ತದೆ. ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಔಗ್ಸ್‌ಬರ್ಗ್‌ನಲ್ಲಿ ಪರೀಕ್ಷೆಗೆ ಒಡ್ಡಿದ ಎಂಜಿನ್ ಇಂಧನದ ಶಕ್ತಿಯಲ್ಲಿ ಸುಮಾರು 26 ಶೇಕಡಾವನ್ನು ಕೆಲಸವಾಗಿ ಪರಿವರ್ತಿಸಿತು. ಅಂದಿನ ಸಾಮಾನ್ಯ ಉಗಿ ಎಂಜಿನ್‌ಗಳು ಇದರ ಅರ್ಧದಷ್ಟನ್ನೂ ಮುಟ್ಟುತ್ತಿರಲಿಲ್ಲ. ಇಂದಿನ ದೊಡ್ಡ ಹಡಗುಗಳ ನಿಧಾನಗತಿಯ ಎಂಜಿನ್‌ಗಳು 50 ಶೇಕಡಾದ ಆಸುಪಾಸಿನಲ್ಲಿವೆ. 1912ರಲ್ಲಿ ಡೆನ್ಮಾರ್ಕಿನ ಸೆಲಾಂಡಿಯಾ ಎಂಬ ಹಡಗು ಡೀಸೆಲ್ ಶಕ್ತಿಯಿಂದ ಮಹಾಸಾಗರ ಯಾನ ಕೈಗೊಂಡಿತು. ಅದಾಗಿ ಆರು ವರ್ಷಕ್ಕೆ, 1918ರಲ್ಲಿ, ಭದ್ರಾವತಿಯಲ್ಲಿ ಮೈಸೂರು ಸಂಸ್ಥಾನ ಕಬ್ಬಿಣದ ಕಾರ್ಖಾನೆಗೆ ಅಡಿಪಾಯ ಹಾಕಿತು. 1923ರಲ್ಲಿ ಅಲ್ಲಿ ಕೆಮ್ಮಣ್ಣುಗುಂಡಿಯ ಅದಿರು ಕಾಡಿನ ಇದ್ದಿಲಿನ ಕಾವಿನಲ್ಲಿ ಕರಗತೊಡಗಿತು. ಹಡಗು ನಡೆಸಿದವರೂ ಕುಲುಮೆ ಉರಿಸಿದವರೂ ಬೇರೆ ಬೇರೆ ಕಡೆ ಹಿಡಿದದ್ದು ಒಂದೇ ಪ್ರಶ್ನೆಯನ್ನು: ಬೆಂಕಿಯನ್ನು ಎಷ್ಟು ಶುದ್ಧವಾಗಿ, ಎಷ್ಟು ಕಡಿಮೆ ನಷ್ಟದಲ್ಲಿ ಉರಿಸಬಹುದು ಎಂಬುದನ್ನು. ಭದ್ರಾವತಿಯ ಕುಲುಮೆಯ ಮುಂದೆ ದುಡಿದವರಿಗೆ ಜ್ವಾಲೆಯ ಬಣ್ಣ ನೋಡಿ ಒಳಗಿನ ಸ್ಥಿತಿಯನ್ನು ಹೇಳುವುದು ಹೊಸದಾಗಿರಲಿಲ್ಲ; ಡೀಸೆಲ್ ಎಂಜಿನ್ನಿನ ವಿಷಯದಲ್ಲಿ ಆ ಕೆಲಸವನ್ನು ಹೊಗೆಯ ಬಣ್ಣ ಮಾಡುತ್ತದೆ.

ಕಪ್ಪು ಹೊಗೆ ಎಂದರೆ ಎಣ್ಣೆಗೆ ತಕ್ಕಷ್ಟು ಗಾಳಿ ಸಿಕ್ಕಿಲ್ಲ ಎಂದರ್ಥ: ಏರ್ ಫಿಲ್ಟರ್ ಕಟ್ಟಿಕೊಂಡಿರಬಹುದು, ಟರ್ಬೋಚಾರ್ಜರಿನ ಅಂದರೆ ಹೊಗೆಯ ಒತ್ತಡದಿಂದ ತಿರುಗಿ ಗಾಳಿಯನ್ನು ಒಳಕ್ಕೆ ತಳ್ಳುವ ಚಕ್ರದ ರೆಕ್ಕೆಗಳಿಗೆ ಮಸಿ ಹಿಡಿದಿರಬಹುದು, ನಾಜಲ್ ಸಿಂಪಡಿಸುವುದರ ಬದಲು ತೊಟ್ಟಿಕ್ಕುತ್ತಿರಬಹುದು ಅಥವಾ ಲಾಂಚಿನ ಮೇಲೆ ಮಿತಿ ಮೀರಿದ ಭಾರವಿರಬಹುದು. ನೀಲಿ ಹೊಗೆ ಎಂದರೆ ಪಿಸ್ಟನ್ ರಿಂಗುಗಳು ಸವೆದು ಎಂಜಿನ್ ಆಯಿಲ್ ಉರಿಯುತ್ತಿದೆ. ಬಿಳಿ ಹೊಗೆ ತಣ್ಣಗಿನ ಎಂಜಿನ್ನಿನಲ್ಲಿ ಉರಿಯದ ಡೀಸೆಲಿನ ಆವಿಯಾಗಿರುತ್ತದೆ. ಎಂಜಿನ್ ಕಾದ ಮೇಲೂ ಅದು ನಿಲ್ಲದಿದ್ದರೆ ಸಿಲಿಂಡರ್ ಹೆಡ್ಡಿನಲ್ಲಿ ಬಿರುಕು ಬಿಟ್ಟು ನೀರು ಒಳಗೆ ಬರುತ್ತಿದೆಯೆಂದು ಸಂಶಯಪಡಬೇಕಾಗುತ್ತದೆ. ಹೊಗೆ ಅಳೆಯುವ ಯಾವ ಯಂತ್ರವೂ ಇಲ್ಲದ ಕಡವಿನಲ್ಲಿ ಇದೊಂದೇ ಪರೀಕ್ಷೆ, ಮತ್ತು ಇದನ್ನು ಓದಬಲ್ಲ ಡ್ರೈವರ್ ಇದ್ದರೆ ಅದು ಸಣ್ಣ ಪರೀಕ್ಷೆಯಲ್ಲ.

ಶರಾವತಿಯ ಹಿನ್ನೀರಿನಂಥ ಸ್ಥಳದಲ್ಲಿ ಎಂಜಿನ್ನಿಗೆ ಬೀಳುವ ಕಷ್ಟ ಸಮುದ್ರದ ಕಷ್ಟಕ್ಕಿಂತ ಬೇರೆ ರೀತಿಯದು ಎಂಬುದನ್ನು ಪಠ್ಯಪುಸ್ತಕಗಳು ಅಷ್ಟಾಗಿ ಗಮನಿಸುವುದಿಲ್ಲ. ದೂರಸಾಗರದ ಹಡಗು ಒಮ್ಮೆ ಹೊರಟರೆ ವಾರಗಟ್ಟಲೆ ಒಂದೇ ವೇಗದಲ್ಲಿ, ಒಂದೇ ಕಾವಿನಲ್ಲಿ ಓಡುತ್ತದೆ. ಎಂಜಿನ್ನಿಗೆ ಹಿತವಾದುದು ಅದೇ. ಕಡವಿನ ಲಾಂಚು ಎರಡು ಕಿಲೋಮೀಟರಿನಷ್ಟು ಓಡಿ, ನಿಂತು, ವಾಹನಗಳು ಇಳಿದು ಏರುವವರೆಗೆ ಮಂದವಾಗಿ ಗುನುಗುತ್ತ, ಮತ್ತೆ ಹೊರಡುತ್ತದೆ. ಹೀಗೆ ದಿನವಿಡೀ ಅರೆಕಾವಿನಲ್ಲೇ ಇರುವ ಎಂಜಿನ್ನಿನಲ್ಲಿ ಎಣ್ಣೆ ಪೂರ್ತಿ ಉರಿಯದೆ ಸಿಲಿಂಡರಿನ ಗೋಡೆಯ ಮೇಲಿಂದ ಜಾರಿ ಕೆಳಗಿನ ಎಂಜಿನ್ ಆಯಿಲಿಗೆ ಬೆರೆತು ಅದನ್ನು ತೆಳುವಾಗಿಸುತ್ತದೆ, ನಾಜಲ್ ಮೂತಿಗೆ ಇದ್ದಿಲು ಕಟ್ಟುತ್ತದೆ, ಸಿಲಿಂಡರ್ ಗೋಡೆಯಲ್ಲಿ ಆಯಿಲ್ ನಿಲ್ಲಲೆಂದು ಕೊರೆದ ನವಿರಾದ ಗೆರೆಗಳು ಮುಚ್ಚಿ ಅದು ಗಾಜಿನಂತೆ ನುಣುಪಾಗಿಬಿಡುತ್ತದೆ. ಆದ್ದರಿಂದ ಇಂಥ ಎಂಜಿನ್ನಿಗೆ ಕಿಲೋಮೀಟರಿನ ಲೆಕ್ಕವೂ ಸಾಲದು, ತಯಾರಕರು ಕೊಟ್ಟ ಸಾಮಾನ್ಯ ಗಂಟೆಗಳ ಲೆಕ್ಕವೂ ಸಾಲದು. ಆಯಿಲನ್ನು ಆ ಗಂಟೆಗಳು ತುಂಬುವ ಮುನ್ನವೇ ಬದಲಿಸಬೇಕು, ಮತ್ತು ದಿನಕ್ಕೊಮ್ಮೆಯಾದರೂ ಅದನ್ನು ಪೂರ್ಣ ಕಾವಿಗೆ ಏರಿಸಿ ಸ್ವಲ್ಪ ಹೊತ್ತು ತಕ್ಕ ಹೊರೆಯಲ್ಲಿ ಓಡಿಸಬೇಕು.

ಎತ್ತರವೂ ಒಂದು ಸಂಗತಿ. ಲಿಂಗನಮಕ್ಕಿ ಜಲಾಶಯದ ಪೂರ್ಣ ಮಟ್ಟ 1819 ಅಡಿ, ಅಂದರೆ ಸಮುದ್ರಮಟ್ಟದಿಂದ ಸುಮಾರು 554 ಮೀಟರ್. ಅಲ್ಲಿ ಗಾಳಿ ಕಡಲ ದಂಡೆಗಿಂತ ಸುಮಾರು 5 ಶೇಕಡಾ ತೆಳು. ಟರ್ಬೋಚಾರ್ಜರ್ ಇಲ್ಲದ ಎಂಜಿನ್ನಿಗೆ ಮಂಗಳೂರಿನ ದಕ್ಕೆಯಲ್ಲಿ ಹೊಂದಿಸಿದ ಎಣ್ಣೆಯ ಪ್ರಮಾಣವನ್ನೇ ಇಲ್ಲಿಯೂ ಉಳಿಸಿಕೊಂಡರೆ ಆ ವ್ಯತ್ಯಾಸ ಹೊಗೆಯಾಗಿ ಹೊರಬರುತ್ತದೆ. ಇನ್ನು ನೀರಿನ ಸಂಗತಿ: ಸಿಹಿನೀರಾದ್ದರಿಂದ ಉಪ್ಪಿನ ತುಕ್ಕಿನ ಕಾಟ ಕಡಿಮೆ, ಆದರೆ ಮುಳುಗಡೆಯಾದ ಕಾಡಿನ ಬೊಡ್ಡೆಗಳು ಇನ್ನೂ ನೀರಿನಡಿ ನಿಂತಿವೆ. ಬೇಸಿಗೆಯಲ್ಲಿ ಮಟ್ಟ ಇಳಿದಂತೆ ಅವು ಪ್ರೊಪೆಲ್ಲರಿಗೆ ಹತ್ತಿರವಾಗುತ್ತವೆ, ಎಂಜಿನ್ ತಂಪಾಗಿಸಲು ಹೊರಗಿನ ನೀರು ಹೀರುವ ಜಾಲರಿಗೆ ಕೆಸರು, ಕೊಳೆತ ಎಲೆ ಸಿಕ್ಕುತ್ತವೆ. ಮಳೆ ತಡವಾದ ವರ್ಷಗಳಲ್ಲಿ ನೀರು ತೀರ ಇಳಿದು ಲಾಂಚಿನಲ್ಲಿ ವಾಹನ ಸಾಗಿಸುವುದನ್ನು ನಿಲ್ಲಿಸಬೇಕಾಗಿ ಬಂದದ್ದುಂಟು. ಪ್ರೊಪೆಲ್ಲರಿನ ಒಂದು ರೆಕ್ಕೆ ಬೊಡ್ಡೆಗೆ ತಾಗಿ ಬಾಗಿದರೆ ಶಾಫ್ಟ್ ನಡುಗುತ್ತದೆ. ನಡುಕದಿಂದ ಶಾಫ್ಟ್ ಹೊರಹೋಗುವ ಕಡೆ ನೀರು ತಡೆಯುವ ಗ್ಲ್ಯಾಂಡ್ ಸಡಿಲವಾಗುತ್ತದೆ. ಅಲ್ಲಿಂದ ಜಿನುಗಿದ ನೀರು ತಳದಲ್ಲಿ ನಿಲ್ಲುತ್ತದೆ. ಒಂದು ಬೊಡ್ಡೆಯ ಏಟು ಹೀಗೆ ಎಂಜಿನ್ ಕೋಣೆಯವರೆಗೆ ನಡೆದು ಬರುತ್ತದೆ.

ಡೀಸೆಲ್ ಎಂಜಿನ್ನಿನ ಆಯುಷ್ಯವನ್ನು ನಿರ್ಧರಿಸುವ ವಸ್ತುಗಳಲ್ಲಿ ಮೊದಲನೆಯದು ಎಂಜಿನ್ ಆಯಿಲ್. ತಿರುಗುವ ಕ್ರ್ಯಾಂಕ್ ಶಾಫ್ಟ್ ತನ್ನ ಬೇರಿಂಗನ್ನು ನಿಜವಾಗಿ ಮುಟ್ಟುವುದೇ ಇಲ್ಲ. ಅವುಗಳ ನಡುವೆ ಕೂದಲೆಳೆಗಿಂತ ತೆಳುವಾದ ಎಣ್ಣೆಯ ಪದರವೊಂದು ಟನ್ನುಗಟ್ಟಲೆ ಭಾರವನ್ನು ಹೊತ್ತಿರುತ್ತದೆ. ಆ ಪದರ ಹರಿದರೆ ಬೇರಿಂಗ್ ಕರಗಿ ಎಂಜಿನ್ ಸೀಜ್ ಆಗುತ್ತದೆ, ಅಂದರೆ ಕಚ್ಚಿಕೊಂಡು ನಿಂತುಬಿಡುತ್ತದೆ. ಇದು ಹಳೆಯ ಲಾಂಚುಗಳಿಗಷ್ಟೇ ಬರುವ ಕಷ್ಟವಲ್ಲ. 2019ರ ಮಾರ್ಚ್ 23ರಂದು ನಾರ್ವೆಯ ತೀರದಲ್ಲಿ ಬಿರುಗಾಳಿಗೆ ಸಿಕ್ಕಿದ ವೈಕಿಂಗ್ ಸ್ಕೈ ಎಂಬ ಹೊಸ ಪ್ರವಾಸಿ ಹಡಗಿನಲ್ಲಿ 1373 ಜನರಿದ್ದರು. ಅದರ ಎಂಜಿನ್‌ಗಳ ಆಯಿಲ್ ತೊಟ್ಟಿಗಳಲ್ಲಿ ಇರಬೇಕಾದಷ್ಟು ಎಣ್ಣೆ ಇರಲಿಲ್ಲ. ಹಡಗು ಆ ಪಕ್ಕ ಈ ಪಕ್ಕ ಜೋರಾಗಿ ವಾಲಿದಾಗ ಇದ್ದ ಎಣ್ಣೆ ಒಂದು ಮೂಲೆಗೆ ಸರಿದು, ಪಂಪು ಗಾಳಿಯನ್ನು ಹೀರಿ, ಒತ್ತಡ ಇಳಿದು, ಓಡುತ್ತಿದ್ದ ಎಂಜಿನ್‌ಗಳು ತಮ್ಮನ್ನು ತಾವು ಕಾಪಾಡಿಕೊಳ್ಳಲು ಒಂದಾದಮೇಲೊಂದು ನಿಂತವು. ಬಂಡೆಗಳಿಗೆ ಬಹಳ ಸಮೀಪ ಹೋದ ಹಡಗು ಲಂಗರು ಹಾಕಿ, ಎಂಜಿನ್ ಮತ್ತೆ ಹೊತ್ತಿಸಿ ಉಳಿಯಿತು. ನೂರಾರು ಪ್ರಯಾಣಿಕರನ್ನು ಹೆಲಿಕಾಪ್ಟರಿನಲ್ಲಿ ಎತ್ತಬೇಕಾಯಿತು. ಎಣ್ಣೆಯ ಮಟ್ಟವನ್ನು ಶಾಂತನೀರಿನಲ್ಲಿ ನಿಂತಾಗ ನೋಡಿದರಾಯಿತು ಎಂಬ ನಂಬಿಕೆ ಅಲ್ಲಿ ಸೋತಿತು. ನೂರು ಗೇಜುಗಳಿದ್ದ ಹಡಗಿನಲ್ಲಿ ಆದುದನ್ನು ನೆನೆದರೆ, ಪ್ರತಿ ಬೆಳಿಗ್ಗೆ ಕಡ್ಡಿ ಎಳೆದು, ಒರೆಸಿ, ಮತ್ತೆ ಅದ್ದಿ ನೋಡುವ ಖಲಾಸಿಯ ಕೆಲಸಕ್ಕೆ ಯಾವ ಬೆಲೆ ಕೊಡಬೇಕೆಂಬುದು ಗೊತ್ತಾಗುತ್ತದೆ.

ಎಣ್ಣೆಗೆ ಸಂಬಂಧಿಸಿದ ಇನ್ನೊಂದು ಅಪಾಯ ಹೆಚ್ಚು ಘೋರವಾದುದು. ಕ್ರ್ಯಾಂಕ್ ಶಾಫ್ಟ್ ತಿರುಗುವ ಮುಚ್ಚಿದ ಕೋಣೆಗೆ ಕ್ರ್ಯಾಂಕ್‌ಕೇಸ್ ಎಂದು ಹೆಸರು. ಅದರೊಳಗೆ ಯಾವುದಾದರೂ ಬೇರಿಂಗೋ ಪಿಸ್ಟನ್ನೋ ಅತಿಯಾಗಿ ಕಾದರೆ, ಅದಕ್ಕೆ ತಾಗಿದ ಎಣ್ಣೆ ಆವಿಯಾಗಿ, ಆ ಆವಿ ತಣ್ಣಗಿನ ಕಡೆಗೆ ಸರಿದು ಬಿಳಿಯ ಮಂಜಾಗುತ್ತದೆ. ಗಾಳಿಯೊಡನೆ ತಕ್ಕ ಪ್ರಮಾಣದಲ್ಲಿ ಬೆರೆತ ಆ ಮಂಜು ಅದೇ ಕಾದ ಜಾಗದಿಂದ ಹೊತ್ತಿ ಸ್ಫೋಟಿಸುತ್ತದೆ. ಮೊದಲ ಸ್ಫೋಟ ಬಾಗಿಲನ್ನು ಕಿತ್ತೆಸೆದರೆ ಹೊರಗಿನ ಗಾಳಿ ಒಳನುಗ್ಗಿ ಅದಕ್ಕಿಂತ ದೊಡ್ಡದಾದ ಎರಡನೆಯ ಸ್ಫೋಟವಾಗುತ್ತದೆ. 1947ರ ಸೆಪ್ಟೆಂಬರ್ 11ರಂದು ಉತ್ತರ ಐರ್ಲೆಂಡಿನ ಕರಾವಳಿಯ ಬಳಿ ಪರೀಕ್ಷಾರ್ಥ ಓಡುತ್ತಿದ್ದ ರೇನಾ ಡೆಲ್ ಪೆಸಿಫಿಕೊ ಹಡಗಿನಲ್ಲಿ ಹೀಗಾಗಿ 28 ಜನ ಸತ್ತರು. ಆ ದುರಂತದ ನಂತರವೇ ಕ್ರ್ಯಾಂಕ್‌ಕೇಸಿಗೆ ಒತ್ತಡ ಹೊರಬಿಟ್ಟು ತಕ್ಷಣ ಮುಚ್ಚಿಕೊಳ್ಳುವ ಕವಾಟಗಳ ವಿಷಯವನ್ನು ಜಗತ್ತು ಗಂಭೀರವಾಗಿ ತೆಗೆದುಕೊಂಡಿತು. ಇಂದು ದೊಡ್ಡ ಎಂಜಿನ್‌ಗಳಿಗೆ ಎಣ್ಣೆಮಂಜನ್ನು ಮೊದಲೇ ಗುರುತಿಸುವ ಸಾಧನವೋ ಅದಕ್ಕೆ ಸಮನಾದ ವ್ಯವಸ್ಥೆಯೋ ಕಡ್ಡಾಯ. ಸಣ್ಣ ಎಂಜಿನ್ನಿಗೆ ಇವೆರಡೂ ಇರುವುದಿಲ್ಲ. ಅಲ್ಲಿ ನೆನಪಿಡಬೇಕಾದ ನಡವಳಿಕೆ ಇಷ್ಟೇ: ಎಂಜಿನ್ ಅತಿಯಾಗಿ ಕಾದು, ವಾಸನೆ ಬಂದು, ಗಾಳಿ ಹೊರಬಿಡುವ ಬ್ರೀದರ್ ಕೊಳವೆಯಿಂದ ಬಿಳಿಯ ಆವಿ ದಟ್ಟವಾಗಿ ಏಳುತ್ತಿದ್ದರೆ ವೇಗ ಇಳಿಸಿ ಎಂಜಿನ್ ನಿಲ್ಲಿಸಬೇಕು, ಮತ್ತು ಕನಿಷ್ಠ 20 ನಿಮಿಷ ಯಾವ ಮುಚ್ಚಳವನ್ನೂ ತೆರೆಯಬಾರದು. ಏನಾಯಿತೆಂದು ಬಗ್ಗಿ ನೋಡುವ ಸಹಜ ಆತುರವೇ ಇಲ್ಲಿ ಪ್ರಾಣಾಂತಿಕ.

ಎಂಜಿನ್ ಕೋಣೆಯ ಬೆಂಕಿಯ ವಿಚಾರದಲ್ಲಿ ಒಳನಾಡಿನವರು ಅರಿಯಬೇಕಾದ ಒಂದು ಅಂಕಿ ಇದೆ. ಯಾವ ಉಷ್ಣತೆಯಲ್ಲಿ ಎಣ್ಣೆಯಿಂದ ಏಳುವ ಆವಿ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೋ ಅದಕ್ಕೆ ಹೊತ್ತುಬಿಂದು ಎನ್ನಬಹುದು. ಸಮುದ್ರದ ಹಡಗುಗಳ ಇಂಧನದ ಹೊತ್ತುಬಿಂದು 60 ಡಿಗ್ರಿಗಿಂತ ಕಡಿಮೆಯಿರಬಾರದೆಂದು ಸೋಲಾಸ್ ಎಂಬ ಅಂತರರಾಷ್ಟ್ರೀಯ ಸುರಕ್ಷತಾ ಒಡಂಬಡಿಕೆ ಹೇಳುತ್ತದೆ. ಭಾರತದ ಬಂಕುಗಳಲ್ಲಿ ದೊರೆಯುವ ಸಾಮಾನ್ಯ ಡೀಸೆಲಿಗೆ ಮಾನಕದಲ್ಲಿ ಏಬೆಲ್ ವಿಧಾನದ ಪ್ರಕಾರ ನಿಗದಿಯಾದ ಕನಿಷ್ಠ ಮಿತಿ 35 ಡಿಗ್ರಿ ಮಾತ್ರ. ಏಪ್ರಿಲ್ ತಿಂಗಳ ಮಧ್ಯಾಹ್ನದಲ್ಲಿ ಕಬ್ಬಿಣದ ತಗಡಿನ ಕೆಳಗಿರುವ ಎಂಜಿನ್ ಕೋಣೆ 35 ಡಿಗ್ರಿಯನ್ನು ಸುಲಭವಾಗಿ ದಾಟುತ್ತದೆ. ಆದ್ದರಿಂದ ಬಂಕಿನ ಡೀಸೆಲಿನಲ್ಲಿ ಓಡುವ ನೌಕೆಯ ಎಂಜಿನ್ ಕೋಣೆಗೆ ಗಾಳಿಯಾಡುವ ವ್ಯವಸ್ಥೆ ಒಂದು ಸೌಕರ್ಯವಲ್ಲ, ಸುರಕ್ಷತೆಯ ಅಂಗ. ಸೋಲಾಸ್‌ನ ಇನ್ನೊಂದು ನಿಯಮ 220 ಡಿಗ್ರಿಗಿಂತ ಬಿಸಿಯಾಗುವ ಪ್ರತಿ ಮೇಲ್ಮೈಗೂ ಹೊದಿಕೆ ಬೇಕೆನ್ನುತ್ತದೆ, ಏಕೆಂದರೆ ಎಂಜಿನ್ ಕೋಣೆಯ ಬೆಂಕಿಗಳಲ್ಲಿ ಬಹುಪಾಲು ಹುಟ್ಟುವುದು ಬಿರುಕುಬಿಟ್ಟ ಕೊಳವೆಯಿಂದ ಚಿಮ್ಮಿದ ಎಣ್ಣೆ ಹೊಗೆಕೊಳವೆಗೆ ತಾಗಿದಾಗ. ಹಡಗಿನಲ್ಲಿ ಪಂಪಿನಿಂದ ನಾಜಲಿಗೆ ಹೋಗುವ ಅಧಿಕ ಒತ್ತಡದ ಕೊಳವೆಯ ಮೇಲೆ ಇನ್ನೊಂದು ಕೊಳವೆಯ ಕವಚವಿರುತ್ತದೆ. ಒಳಗಿನದು ಒಡೆದರೂ ಎಣ್ಣೆ ಚಿಮ್ಮದೆ ಪಕ್ಕದ ಪಾತ್ರೆಗೆ ಇಳಿದು ಎಚ್ಚರಿಕೆಯ ಗಂಟೆ ಬಾರಿಸುತ್ತದೆ. ಲಾರಿಯ ಎಂಜಿನ್ನನ್ನು ನೌಕೆಗೆ ಕೂರಿಸಿಕೊಳ್ಳುವ ರೂಢಿ ಕರಾವಳಿಯಲ್ಲೂ ಒಳನಾಡಿನಲ್ಲೂ ಉಂಟು. ಅಂಥ ಎಂಜಿನ್ನಿಗೆ ಈ ಕವಚ ಇರುವುದಿಲ್ಲ, ಹೊಗೆಕೊಳವೆಗೆ ನೀರಿನ ತಂಪೂ ಇರುವುದಿಲ್ಲ. ರಸ್ತೆಯಲ್ಲಿ ಬೆಂಕಿ ಹೊತ್ತಿದ ಲಾರಿಯಿಂದ ಕೆಳಗೆ ಹಾರಬಹುದು. ನಡುಹೊಳೆಯಲ್ಲಿ ಆ ದಾರಿ ಇಲ್ಲ. ಹೊಗೆಕೊಳವೆಗೆ ಸರಿಯಾದ ಹೊದಿಕೆ, ಎಂಜಿನ್ ಕೋಣೆಯ ಹೊರಗಿನಿಂದಲೇ ಡೀಸೆಲ್ ತಡೆಯುವ ಒಂದು ವಾಲ್ವ್, ತಿರುಗುವ ಶಾಫ್ಟಿಗೊಂದು ತಡೆಗಂಬಿ, ಕೈಗೆಟಕುವಲ್ಲಿ ಬೆಂಕಿ ನಂದಿಸುವ ಸಿಲಿಂಡರ್: ಇಷ್ಟಕ್ಕೆ ಬೇಕಾದ ಹಣ ಒಂದು ಓವರ್‌ಹಾಲಿನ ಖರ್ಚಿನ ಸಣ್ಣ ಪಾಲು.

ಸವೆತದ ವಿಷಯಕ್ಕೆ ಬಂದರೆ ಶಿವಮೊಗ್ಗ ಮತ್ತು ಭದ್ರಾವತಿಗಳಿಗೆ ಇತರ ಅನೇಕ ಊರುಗಳಿಗಿಲ್ಲದ ಒಂದು ಅನುಕೂಲವಿದೆ. ಒಂದೆಡೆ ಮಿಶ್ರಲೋಹದ ಉಕ್ಕನ್ನು ದಶಕಗಳ ಕಾಲ ತಯಾರಿಸಿದ ಭದ್ರಾವತಿ, ಇನ್ನೊಂದೆಡೆ ವಾಹನಗಳ ಬಿಡಿಭಾಗಗಳಿಗೆ ಎರಕ ಹೊಯ್ಯುವ ಶಿವಮೊಗ್ಗದ ಫೌಂಡ್ರಿಗಳು. ಈ ಎರಡು ಊರುಗಳ ನಡುವಿನ ರಸ್ತೆಯ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಲೋಹದ ಗುಣ ಪರೀಕ್ಷಿಸುವುದು ನಿತ್ಯದ ಕೆಲಸ. ಎಂಜಿನ್ನಿನ ಆರೋಗ್ಯ ತಿಳಿಯಲು ಅದನ್ನು ಬಿಚ್ಚಲೇಬೇಕಿಲ್ಲ; ಓಡಿದ ಆಯಿಲಿನ ಒಂದು ಸಣ್ಣ ಶೀಸೆಯನ್ನು ಪ್ರಯೋಗಾಲಯಕ್ಕೆ ಕಳಿಸಿದರೆ ಸಾಕು. ಆಯಿಲಿನಲ್ಲಿ ಕಬ್ಬಿಣದ ಕಣ ಏರುತ್ತಿದ್ದರೆ ಸಿಲಿಂಡರ್ ಗೋಡೆ ಅಥವಾ ರಿಂಗು ಸವೆಯುತ್ತಿದೆ, ತಾಮ್ರ, ಸೀಸ, ತವರ ಏರುತ್ತಿದ್ದರೆ ಬೇರಿಂಗು ಹೋಗುತ್ತಿದೆ, ಸಿಲಿಕಾನ್ ಕಂಡರೆ ಏರ್ ಫಿಲ್ಟರಿನ ಮೂಲಕ ಧೂಳು ಒಳಗೆ ಬಂದಿದೆ, ನೀರು ಕಂಡರೆ ಗ್ಯಾಸ್ಕೆಟ್ ಸೋತಿದೆ, ಆಯಿಲ್ ತೆಳುವಾಗಿದ್ದರೆ ಡೀಸೆಲ್ ಬೆರೆತಿದೆ. ಒಂದು ಸಲದ ವರದಿಗಿಂತ ಮೂರು ನಾಲ್ಕು ಸಲದ ವರದಿಗಳ ಏರಿಳಿತವೇ ಹೆಚ್ಚು ಮಾತನಾಡುತ್ತದೆ. ಈ ಪರೀಕ್ಷೆಯನ್ನು ಈ ಜಿಲ್ಲೆಯ ಎಂಜಿನಿಯರಿಂಗ್ ಕಾಲೇಜುಗಳು ತಮ್ಮ ವಿದ್ಯಾರ್ಥಿಗಳ ಅಭ್ಯಾಸಕ್ಕಾಗಿ ಕೈಗೆತ್ತಿಕೊಂಡು ಜಿಲ್ಲೆಯ ಲಾಂಚುಗಳಿಗೂ ಬೋಟುಗಳಿಗೂ ನಿಯಮಿತವಾಗಿ ಮಾಡಿಕೊಟ್ಟರೆ, ವಿದ್ಯಾರ್ಥಿಗಳಿಗೆ ಪುಸ್ತಕದಲ್ಲಿ ಸಿಗದ ಪಾಠವೂ ಪ್ರಯಾಣಿಕರಿಗೆ ಟಿಕೆಟಿನಲ್ಲಿ ಬರೆಯದ ರಕ್ಷಣೆಯೂ ಸಿಕ್ಕಂತಾಗುತ್ತದೆ.

ಈಗ ಹೊಗೆಯ ಕಾನೂನು. ಹಡಗುಗಳಿಂದಾಗುವ ಮಾಲಿನ್ಯವನ್ನು ತಡೆಯುವ ಮಾರ್ಪೋಲ್ ಒಡಂಬಡಿಕೆಯ ಆರನೆಯ ಅನುಬಂಧ ಗಾಳಿಯ ಮಾಲಿನ್ಯಕ್ಕೆ ಸಂಬಂಧಿಸಿದ್ದು. 1997ರಲ್ಲಿ ಅಂಗೀಕೃತವಾಗಿ 2005ರಲ್ಲಿ ಜಾರಿಗೆ ಬಂತು. ಅದು ಮುಖ್ಯವಾಗಿ ಎರಡು ವಿಷಗಳ ಹಿಂದೆ ಬಿದ್ದಿದೆ. ಒಂದು ಗಂಧಕ: ಇಂಧನದಲ್ಲಿರುವ ಗಂಧಕ ಉರಿದು ಆಮ್ಲವಾಗುತ್ತದೆ, ಹೊರಗೆ ಹೋದರೆ ಆಮ್ಲಮಳೆ, ಒಳಗೇ ಉಳಿದರೆ ಸಿಲಿಂಡರಿನ ತುಕ್ಕು. ಹಡಗಿನ ಇಂಧನದಲ್ಲಿ ಗಂಧಕದ ಮಿತಿ 2020ರ ಜನವರಿ 1ರಿಂದ 3.50 ಶೇಕಡಾದಿಂದ 0.50 ಶೇಕಡಾಕ್ಕೆ ಇಳಿಯಿತು. ಅದೇ ವರ್ಷದ ಏಪ್ರಿಲ್ 1ರಿಂದ ಭಾರತದ ಬಂಕುಗಳಲ್ಲಿ ಬಿಎಸ್-6 ಡೀಸೆಲ್ ಬಂತು, ಅದರಲ್ಲಿ ಗಂಧಕ ಹತ್ತು ಲಕ್ಷಕ್ಕೆ 10 ಭಾಗ ಮಾತ್ರ. ಅಂದರೆ ಸಾಗರ ಪಟ್ಟಣದ ಬಂಕಿನಿಂದ ಡೀಸೆಲ್ ತುಂಬಿಕೊಂಡು ಓಡುವ ಸಣ್ಣ ಲಾಂಚಿನ ಇಂಧನ ಮಹಾಸಾಗರದ ಹಡಗಿಗೆ ವಿಧಿಸಿದ ಮಿತಿಗಿಂತ 500 ಪಟ್ಟು ಶುದ್ಧ. ಈ ಶುದ್ಧತೆಗೂ ಒಂದು ಬೆಲೆಯಿದೆ: ಗಂಧಕ ತೆಗೆಯುವ ಪ್ರಕ್ರಿಯೆಯಲ್ಲಿ ಡೀಸೆಲಿನ ಸಹಜವಾದ ಜಾರುಗುಣವೂ ಕಳೆಯುತ್ತದೆ, ಅದಕ್ಕಾಗಿ ಸಂಸ್ಕರಣಾಗಾರದಲ್ಲೇ ಬೇರೆ ದ್ರವ್ಯ ಬೆರೆಸುತ್ತಾರೆ, ಡಬ್ಬಗಳಲ್ಲಿ ಬಹುಕಾಲ ಇಟ್ಟ, ನೀರು ಸೇರಿದ, ಕಲಬೆರಕೆಯಾದ ಡೀಸೆಲಿನಲ್ಲಿ ಆ ರಕ್ಷಣೆ ಉಳಿಯುವ ಖಾತರಿಯಿಲ್ಲ, ಮತ್ತು ಹಳೆಯ ಇಂಧನ ಪಂಪುಗಳು ಡೀಸೆಲಿನ ಜಾರುಗುಣವನ್ನೇ ನಂಬಿ ತಿರುಗುವಂಥವು.

ಎರಡನೆಯದು ಸಾರಜನಕದ ಆಕ್ಸೈಡುಗಳು. ಇವು ಇಂಧನದ ದೋಷದಿಂದ ಹುಟ್ಟುವುದಿಲ್ಲ. ಸಿಲಿಂಡರಿನೊಳಗಿನ ಜ್ವಾಲೆ 1500 ಡಿಗ್ರಿಯ ಆಚೆಗೆ ಏರಿದಾಗ ಗಾಳಿಯಲ್ಲೇ ಇರುವ ಸಾರಜನಕ ಮತ್ತು ಆಮ್ಲಜನಕ ಕೂಡಿ ಹುಟ್ಟುತ್ತವೆ. ಇಲ್ಲಿ ಡೀಸೆಲ್ ಎಂಜಿನ್ನಿನ ಮೂಲಭೂತ ಇಕ್ಕಟ್ಟು ಇದೆ. ಎಂಜಿನ್ ಚೆನ್ನಾಗಿ, ಬಿಸಿಯಾಗಿ ಉರಿದರೆ ಮಸಿ ಕಡಿಮೆ, ಎಣ್ಣೆಯ ಖರ್ಚು ಕಡಿಮೆ, ಆದರೆ ಈ ಆಕ್ಸೈಡುಗಳು ಹೆಚ್ಚು. ಎಣ್ಣೆ ಸಿಂಪಡಿಸುವ ಕ್ಷಣವನ್ನು ತುಸು ತಡಮಾಡಿ ಜ್ವಾಲೆಯನ್ನು ತಣಿಸಿದರೆ ಆಕ್ಸೈಡು ಇಳಿಯುತ್ತದೆ, ಮಸಿಯೂ ಖರ್ಚೂ ಏರುತ್ತವೆ. ಈ ಇಕ್ಕಟ್ಟನ್ನು ದಾಟಲು ಹೊಗೆಯ ಒಂದು ಪಾಲನ್ನೇ ತಣಿಸಿ ಮತ್ತೆ ಒಳಗೆ ಕಳಿಸುವ ಕ್ರಮವೂ, ಹೊಗೆಕೊಳವೆಯಲ್ಲಿ ಯೂರಿಯಾ ದ್ರಾವಣ ಸಿಂಪಡಿಸಿ ಅದರಿಂದ ಹುಟ್ಟುವ ಅಮೋನಿಯದ ಮೂಲಕ ಆಕ್ಸೈಡುಗಳನ್ನು ಮರಳಿ ಸಾರಜನಕ ಮತ್ತು ನೀರನ್ನಾಗಿ ಒಡೆಯುವ ಕ್ರಮವೂ ಬಂದಿವೆ. ರೈತರಿಗೆ ಗೊಬ್ಬರವಾಗಿ ಪರಿಚಿತವಾದ ಯೂರಿಯಾ ಹೀಗೆ ಹಡಗಿನ ಹೊಗೆಯನ್ನು ತೊಳೆಯುವ ಮದ್ದೂ ಆಗಿದೆ. ನಿಧಾನಗತಿಯ ಎಂಜಿನ್ನಿಗೆ ಪ್ರತಿ ಕಿಲೋವ್ಯಾಟ್ ಗಂಟೆಗೆ ಮೊದಲ ಹಂತದಲ್ಲಿ 17 ಗ್ರಾಂ, 2011ರ ಎರಡನೆಯ ಹಂತದಲ್ಲಿ 14.4 ಗ್ರಾಂ, ಆಯ್ದ ಸಮುದ್ರಭಾಗಗಳಿಗೆ ಅನ್ವಯಿಸುವ ಮೂರನೆಯ ಹಂತದಲ್ಲಿ 3.4 ಗ್ರಾಂ ಎಂಬ ಮಾರ್ಪೋಲ್ ಮಿತಿಗಳು ಈ ತಂತ್ರಗಳನ್ನು ಬಂದರಿನಿಂದ ಬಂದರಿಗೆ ಒಯ್ದವು.

ಆದರೆ ಈ ಆಕ್ಸೈಡಿನ ನಿಯಮ 130 ಕಿಲೋವ್ಯಾಟ್, ಅಂದರೆ ಸುಮಾರು 175 ಅಶ್ವಶಕ್ತಿಗಿಂತ ದೊಡ್ಡ ಎಂಜಿನ್ನಿಗೆ ಮಾತ್ರ. ಮತ್ತು ಆ ಒಡಂಬಡಿಕೆ ಇರುವುದು ಸಮುದ್ರಯಾನಕ್ಕೆ. ಒಳನಾಡಿಗೆ 1917ರ ಹಳೆಯ ಕಾಯಿದೆಯ ಸ್ಥಾನದಲ್ಲಿ 2021ರ ಒಳನಾಡು ನೌಕೆಗಳ ಕಾಯಿದೆ ಬಂದು, ನೋಂದಣಿ, ತಪಾಸಣೆ, ಸಿಬ್ಬಂದಿಯ ಅರ್ಹತೆ, ಮಾಲಿನ್ಯ ತಡೆ ಇವೆಲ್ಲಕ್ಕೂ ದೇಶಕ್ಕೆಲ್ಲ ಒಂದೇ ಚೌಕಟ್ಟು ಸಿಕ್ಕಿದೆ. ಇದು ಸ್ವಾಗತಾರ್ಹವಾದ ಹೆಜ್ಜೆ. ಆದರೂ ಹಿನ್ನೀರಿನ ಮೂಲೆಯ ಕಡವಿನಲ್ಲಿ ವರ್ಷಕ್ಕೊಮ್ಮೆ ಆಗುವ ತಪಾಸಣೆಗೂ ಮುಂದಿನ ತಪಾಸಣೆಗೂ ನಡುವೆ ಮುನ್ನೂರಕ್ಕೂ ಹೆಚ್ಚು ದಿನಗಳಿರುತ್ತವೆ. ವಾಲ್ವುಗಳನ್ನು ತೆರೆಯುವ ಟ್ಯಾಪೆಟ್‌ನ ಸಂದು ಸರಿಯಿದೆಯೇ, ನಾಜಲ್ ಒತ್ತಡ ಪರೀಕ್ಷಿಸಿ ಎಷ್ಟು ದಿನವಾಯಿತು, ಡೀಸೆಲ್ ಫಿಲ್ಟರಿನ ತಳದಲ್ಲಿ ನಿಂತ ನೀರನ್ನು ಬಸಿದಿದ್ದಾರೆಯೇ ಎಂಬ ಪ್ರಶ್ನೆಗಳಿಗೆ ಆ ದಿನಗಳಲ್ಲಿ ಉತ್ತರಿಸುವುದು ಎಂಜಿನ್ ಪಕ್ಕದ ದಿನಚರಿ ಪುಸ್ತಕ ಮಾತ್ರ. ಆಯಿಲ್ ಒತ್ತಡ, ನೀರಿನ ಉಷ್ಣತೆ, ಓಡಿದ ಗಂಟೆ, ತುಂಬಿದ ಡೀಸೆಲ್: ನಾಲ್ಕು ಅಂಕಣಗಳ ಆ ಪುಸ್ತಕವನ್ನು ಸರಿಯಾಗಿ ಬರೆದರೆ, ಎಂಜಿನ್ ಕೆಡುವ ವಾರಗಳ ಮೊದಲೇ ಅದರ ಪುಟಗಳಲ್ಲಿ ಸೂಚನೆ ಕಾಣುತ್ತದೆ.

ಹೊಗೆಯನ್ನು ಕೇವಲ ಪರಿಸರದ ಸಂಗತಿಯೆಂದು ನೋಡುವುದು ಅದರ ಪಕ್ಕದಲ್ಲಿ ದಿನಕ್ಕೆ ಹತ್ತು ಗಂಟೆ ನಿಲ್ಲುವ ಮನುಷ್ಯನಿಗೆ ಮಾಡುವ ಅನ್ಯಾಯ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2012ರಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಹೊಗೆಕೊಳವೆಯ ಬಾಯಿ ಪ್ರಯಾಣಿಕರ ತಲೆಯ ಎತ್ತರದಲ್ಲಿರುವ, ಎಂಜಿನ್ ಕೋಣೆಯ ಬಾಗಿಲು ಸದಾ ತೆರೆದಿರುವ ನೌಕೆಗಳು ಕರ್ನಾಟಕದಲ್ಲಿ ಅಪರೂಪವಲ್ಲ. ಕೊಳವೆಯನ್ನು ನಾಲ್ಕು ಅಡಿ ಎತ್ತರಿಸುವುದಕ್ಕೂ, ದಡದಲ್ಲಿ ನಿಂತಾಗ ಎಂಜಿನ್ ನಿಲ್ಲಿಸುವುದಕ್ಕೂ ಯಾವ ಹೊಸ ತಂತ್ರಜ್ಞಾನ ಬೇಕಾಗಿಲ್ಲ. ಹಾಗೆಂದು ಡೀಸೆಲಿಗೇ ಅಂಟಿಕೊಳ್ಳಬೇಕೆಂದೂ ಇಲ್ಲ. ಕೇರಳದ ವೈಕಂನಲ್ಲಿ 2017ರಿಂದ ಸೌರಶಕ್ತಿಯ ಆದಿತ್ಯ ಎಂಬ ಪ್ರಯಾಣಿಕ ದೋಣಿ ಓಡುತ್ತಿದೆ, ಕೊಚ್ಚಿಯಲ್ಲಿ 2023ರಿಂದ ವಿದ್ಯುತ್ ದೋಣಿಗಳ ಜಲಮೆಟ್ರೋ ಇದೆ. ದೂರ ಕಡಿಮೆ, ನಿಲುಗಡೆ ಹೆಚ್ಚು: ಡೀಸೆಲ್ ಎಂಜಿನ್ನಿಗೆ ಅಹಿತವಾದ ಕಡವಿನ ಈ ಗುಣಗಳು ಬ್ಯಾಟರಿಗೆ ಹಿತವಾದವೇ, ದಡದಲ್ಲಿ ಮತ್ತೆ ಮತ್ತೆ ಚಾರ್ಜ್ ಮಾಡಲೂ ಅವಕಾಶವಿದೆ. ನಾಡಿಗೆ ವಿದ್ಯುತ್ ಕೊಡಲೆಂದು ಮುಳುಗಿದ ಕಣಿವೆಯ ಜನ ಅದೇ ವಿದ್ಯುತ್ತಿನಲ್ಲಿ ಹೊಳೆ ದಾಟುವಂತಾದರೆ ಅದು ತಡವಾಗಿ ಸಂದ ನ್ಯಾಯವೂ ಆಗುತ್ತದೆ.

ನೀರಿಗೆ ಬೀಳುವ ಎಣ್ಣೆಯ ಮಾತು ಇನ್ನೂ ಉಳಿದಿದೆ. ನೌಕೆಯ ತಳದಲ್ಲಿ ಸೇರುವ ಎಣ್ಣೆಬೆರೆತ ನೀರಿಗೆ ಬಿಲ್ಜ್ ಎನ್ನುತ್ತಾರೆ. ಸಮುದ್ರದಲ್ಲಿ ಹಡಗು ಅದನ್ನು ಹೊರಬಿಡಬೇಕಾದರೆ ಅದರಲ್ಲಿ ಎಣ್ಣೆ ಹತ್ತು ಲಕ್ಷಕ್ಕೆ 15 ಭಾಗಕ್ಕಿಂತ ಹೆಚ್ಚಿರಬಾರದು. ಬೇರ್ಪಡಿಸುವ ಯಂತ್ರ ಅದಕ್ಕೆಂದೇ ಇರುತ್ತದೆ. ಸಣ್ಣ ನೌಕೆಯಲ್ಲಿ ಬಕೆಟ್ಟಿನಿಂದ ಎತ್ತಿ ಚೆಲ್ಲುವುದೇ ರೂಢಿ. ಭದ್ರಾ ಜಲಾಶಯದ ದ್ವೀಪಗಳಲ್ಲಿ ಪ್ರತಿವರ್ಷ ಗೂಡುಕಟ್ಟುವ ನದಿ ರೀವಗಳು ಮೀನಿಗಾಗಿ ನೀರಿಗೆ ಎರಗುವ ಹಕ್ಕಿಗಳು. ನೀರಿನ ಮೇಲೆ ಹರಡಿದ ಎಣ್ಣೆಯ ಪೊರೆ ಅವುಗಳ ಗರಿಗೆ ಅಂಟಿದರೆ ನೀರು ತಡೆಯುವ ಶಕ್ತಿಯನ್ನೇ ಕಳೆಯುತ್ತದೆ. ಅದೇ ಭದ್ರೆಯ ನೀರು ಭದ್ರಾವತಿಯ ಮನೆಗಳ ನಲ್ಲಿಗೂ ಬರುತ್ತದೆ. ಬಿಲ್ಜ್‌ನಲ್ಲಿ ಎಣ್ಣೆ ಹೀರುವ ಬಟ್ಟೆಯ ದಿಂಡು ಇಡುವುದು, ಬದಲಿಸಿದ ಆಯಿಲನ್ನು ಮುಚ್ಚಿದ ಡಬ್ಬದಲ್ಲಿ ಕೂಡಿಟ್ಟು 2016ರ ಅಪಾಯಕಾರಿ ತ್ಯಾಜ್ಯ ನಿಯಮದಂತೆ ಅನುಮತಿ ಪಡೆದ ಮರುಸಂಸ್ಕರಣೆಯವರಿಗೇ ಕೊಡುವುದು, ಗೆದ್ದಲಿಗೆಂದು ಬೇಲಿಯ ಗೂಟಕ್ಕೆ ಬಳಿಯಲು ಅದನ್ನು ಹಂಚುವ ಅಭ್ಯಾಸ ನಿಲ್ಲಿಸುವುದು ಇವೆಲ್ಲ ಕಡವಿನಲ್ಲೇ ಸಾಧ್ಯವಾದ ಕೆಲಸಗಳು.

ದುರಸ್ತಿಯಾದ ಎಂಜಿನ್ನನ್ನು ಪರೀಕ್ಷಿಸುವ ಹೊತ್ತು ವಿಶೇಷ ಎಚ್ಚರ ಬೇಡುತ್ತದೆ. 2024ರ ಡಿಸೆಂಬರ್ 18ರಂದು ಮುಂಬೈ ಬಂದರಿನಲ್ಲಿ ಎಂಜಿನ್ ಪರೀಕ್ಷೆಯಲ್ಲಿದ್ದ ನೌಕಾಪಡೆಯ ವೇಗದ ದೋಣಿ ಹಿಡಿತ ತಪ್ಪಿ, ಎಲಿಫೆಂಟಾ ದ್ವೀಪದ ಕಡೆ ಹೊರಟಿದ್ದ ನೀಲ್‌ಕಮಲ್ ಎಂಬ ಪ್ರಯಾಣಿಕ ದೋಣಿಗೆ ಬಡಿದು ಹತ್ತಕ್ಕೂ ಹೆಚ್ಚು ಜೀವಗಳು ಹೋದವು. ಹೊಸದಾಗಿ ಜೋಡಿಸಿದ ಎಂಜಿನ್ನು, ಗೇರ್ ಬಾಕ್ಸು, ವೇಗ ನಿಯಂತ್ರಕ ಇವು ಸರಿಯಿವೆಯೆಂದು ಸಾಬೀತಾಗುವವರೆಗೆ ಅವು ಕೆಟ್ಟಿವೆಯೆಂದೇ ಭಾವಿಸಿ, ಜನವಿಲ್ಲದ ನೀರಿನಲ್ಲಿ, ಪ್ರಯಾಣಿಕರಿಲ್ಲದೆ, ಎಂಜಿನ್ ನಿಲ್ಲಿಸುವ ಇನ್ನೊಂದು ದಾರಿ ಕೈಯಲ್ಲಿಟ್ಟುಕೊಂಡು ನೋಡಬೇಕಾದುದು ಸಾಗರದಲ್ಲೂ ಹಿನ್ನೀರಿನಲ್ಲೂ ಒಂದೇ ನಿಯಮ.

2025ರ ಜುಲೈ 14ರಂದು ಶರಾವತಿಯ ಹಿನ್ನೀರಿಗೆ ಅಡ್ಡಲಾಗಿ ಅಂಬಾರಗೊಡ್ಲು ಮತ್ತು ಕಳಸವಳ್ಳಿಯ ನಡುವಿನ ಕೇಬಲ್ ಆಧಾರಿತ ಸೇತುವೆ ಉದ್ಘಾಟನೆಗೊಂಡು, ಆರು ದಶಕಗಳ ಕಾಯುವಿಕೆ ಮುಗಿಯಿತು. ದ್ವೀಪದ ಜನರ ಪಾಲಿಗೆ ಇದಕ್ಕಿಂತ ಸಂತೋಷದ ಸಂಗತಿ ಬೇರೆಯಿಲ್ಲ. ಆದರೆ ಸೇತುವೆಯಿಂದಾಗಿ ನಿತ್ಯದ ಓಡಾಟ ತಪ್ಪಿದ ಲಾಂಚಿನ ಎಂಜಿನ್, ಓಡುವ ಎಂಜಿನ್ನಿಗಿಂತ ಬೇಗ ಹಾಳಾಗುತ್ತದೆ. ಬೇರೆ ಕಡವಿಗೆ ಒಯ್ಯುವ ಮುನ್ನ ಲಾಂಚನ್ನು ತಿಂಗಳುಗಟ್ಟಲೆ ದಡಕ್ಕೆ ಕಟ್ಟಿಡುವುದಾದರೆ, ಮೊದಲು ಎಂಜಿನ್ನನ್ನು ಕಾಯಿಸಿ ಬಿಸಿಯಿರುವಾಗಲೇ ಆಮ್ಲ ಸೇರಿದ ಹಳೆಯ ಆಯಿಲನ್ನು ಬಸಿದು ಹೊಸದನ್ನು ತುಂಬಬೇಕು. ತುಕ್ಕು ತಡೆಯುವ ದ್ರಾವಣವಿಲ್ಲದ ತಂಪುನೀರನ್ನು ಪೂರ್ತಿ ಇಳಿಸಬೇಕು. ಡೀಸೆಲ್ ಟ್ಯಾಂಕನ್ನು ಅರ್ಧಕ್ಕೆ ಬಿಡದೆ ತುಂಬಿಡಬೇಕು, ಏಕೆಂದರೆ ಮಲೆನಾಡಿನ ತೇವದ ಗಾಳಿ ಖಾಲಿ ಜಾಗದಲ್ಲಿ ನೀರಾಗಿ ಇಳಿದು, ಆ ನೀರು ಮತ್ತು ಡೀಸೆಲಿನ ನಡುವಿನ ಗೆರೆಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಫಿಲ್ಟರ್ ಕಟ್ಟುತ್ತವೆ. ಹೊಗೆಕೊಳವೆಯ ಬಾಯಿಗೆ ಮಳೆ ಬೀಳದಂತೆ ಮುಚ್ಚಳ ಹಾಕಬೇಕು. ಬ್ಯಾಟರಿಯ ತಂತಿ ಕಳಚಬೇಕು. ವಾರಕ್ಕೊಮ್ಮೆ ಯಾರಾದರೂ ಬಂದು, ಪಿಸ್ಟನ್‌ಗಳು ಒಂದೇ ಜಾಗದಲ್ಲಿ ನಿಂತು ರಿಂಗುಗಳು ಗೋಡೆಗೆ ಹತ್ತಿಕೊಳ್ಳದಂತೆ, ಕ್ರ್ಯಾಂಕನ್ನು ಕೈಯಿಂದ ಒಂದೆರಡು ಸುತ್ತು ತಿರುಗಿಸಿ, ನಿಲ್ಲಿಸಿದ ಸ್ಥಾನ ಕಳೆದ ವಾರದ್ದಲ್ಲವೆಂದು ನೋಡಿ, ದಿನಚರಿಯಲ್ಲಿ ತಾರೀಖು ಬರೆದಿಡಬೇಕು.